ಕುದುರೆಯ ಕಿವಿ ಓದುವ ತಲೆಯಕ್ಕ

ಬೆಳಗಿನ ಆರಕ್ಕೆ ಐದು ನಿಮಿಷವಿದೆ. ಕುದುರೆ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ, ಕಬ್ಬಿಣದ ಕಂಬಿಗಳ ನಡುವೆ, ಕಂದು ಬಣ್ಣದ ಮುದಿ ಹೆಣ್ಣು ಕುದುರೆ ನಿಂತೇ ತೂಕಡಿಸುತ್ತಿದೆ. ಮತ್ತಿನ ಮದ್ದು ಏರಿದಂತೆ ಅದರ ತಲೆ ಜಾರುತ್ತ ಬಂದು ಮೆತ್ತೆ ಸುತ್ತಿದ ಆನಿಕೆಯ ಮೇಲೆ ಕೂರುತ್ತದೆ. ಎದುರಿಗಿರುವ ಹೆಂಗಸು, ಸದ್ದಿಗೆ ಬೆಚ್ಚದಿರಲೆಂದು, ಅದರ ಎರಡೂ ಕಿವಿಗೆ ಹತ್ತಿ ತುರುಕುತ್ತಾರೆ. "ಒರಗಿಕೋ ತಾಯಿ, ನಾನಿದೀನಲ್ಲ."

ಆಸ್ಪತ್ರೆಗೆಲ್ಲ ಇವರು ತಲೆಯಕ್ಕ. ಹತ್ತೊಂಬತ್ತು ವರ್ಷದಿಂದ, ದಿನಕ್ಕೆ ಎರಡಾದರೂ ಕುದುರೆಯ ತಲೆ ಹಿಡಿದು, ಮತ್ತಿಳಿಯುವ ಸುಳಿವಿಗಾಗಿ ಅದರ ಕಿವಿಯನ್ನೇ ನೋಡುತ್ತ ನಿಲ್ಲುವುದೇ ಕೆಲಸ. ಕುತ್ತಿಗೆ ಹಿಡಿದುಕೊಂಡಿದೆ, ಮಂಡಿ ಸವೆದಿದೆ. "ಮನೇಲೂ ಮಗಳ ಕಿವೀನೇ ನೋಡ್ತಿರ್ತೀನಂತೆ. 'ಇವತ್ತು ಏನಂತೆ ನನ್ನ ಕಿವಿ?' ಅಂತ ರೇಗಿಸ್ತಾಳೆ."

ಇಂದಿನ ಕುದುರೆಯದು ದುರ್ಬಲ ಹೃದಯ. ಮಲಗಿಸಿ ಪ್ರಜ್ಞೆ ತಪ್ಪಿಸಿದರೆ ಮತ್ತೆ ಏಳುವುದು ಅನುಮಾನ. ಅದಕ್ಕೇ ಪಕ್ಕೆಯನ್ನು ಮರಗಟ್ಟಿಸಿ, ನಿಂತಲ್ಲೇ ಕೊಯ್ದು, ಅಂಡಾಶಯದ ಗಡ್ಡೆ ತೆಗೆಯಬೇಕು. ನಡುವೆ ಬೆಚ್ಚಿ ಕುಸಿದರೆ ಮುಗಿಯಿತು.

ಆಪರೇಷನ್ ಮಾಡುತ್ತಿರುವ ಡಾಕ್ಟರಮ್ಮನ ಬಲಗೈ ಮೊಣಕೈವರೆಗೂ ಕೊಯ್ದ ಪಕ್ಕೆಯೊಳಗಿದೆ. ಆಗ ಎಡಗಿವಿಯ ತುದಿ ಕೂದಲೆಳೆಯಷ್ಟು ತಿರುಗುತ್ತದೆ.

"ಡಾಕ್ಟ್ರಮ್ಮ, ನಿಲ್ಸಿ!"

"ಮಷೀನು ಎದೆಬಡಿತ ಸರಿಯಾಗೇ ತೋರಿಸ್ತಿದೆಯಲ್ಲಕ್ಕ?"

"ಮಷೀನು ಒದೆಯಲ್ಲ! ಕೈ ತೆಗೀರಿ!"

ಕೈ ಹೊರಬರುವುದಕ್ಕೂ ಕುದುರೆ ಧಡಾರನೆ ಕಂಬಿಗೆ ವಾಲುವುದಕ್ಕೂ ಸರಿಹೋಗುತ್ತದೆ. ಉಳಿದವರು ಹಿಂದಕ್ಕೆ ಜಿಗಿಯುತ್ತಾರೆ. ತಲೆಯಕ್ಕ ಮಾತ್ರ ಅದರ ಹಣೆಗೆ ಹಣೆ ಒತ್ತಿ ಗುನುಗುತ್ತಾರೆ. ಇನ್ನೊಂದಿಷ್ಟು ಮದ್ದು ಹೋಗುತ್ತದೆ. ನಾಲ್ಕೂ ಕಾಲು ನೆಲಕ್ಕೆ ಗಟ್ಟಿಯಾಗಿ ಊರಿಕೊಳ್ಳುತ್ತವೆ, ಕೆಳತುಟಿ ಜೋಲುತ್ತದೆ.

"ಹೂಂ. ಈಗ."

ಹತ್ತೇ ನಿಮಿಷ! ಗಡ್ಡೆ ಹೊರಬರುತ್ತದೆ. "ಅಬ್ಬಾ, ಫುಟ್‌ಬಾಲ್ ಇದ್ದಂಗಿದೆ! ನೋಡಿ ಅಕ್ಕ!" ಡಾಕ್ಟರಮ್ಮ ಕೂಗುತ್ತಾರೆ. ಎಲ್ಲರ ಕತ್ತೂ ಅತ್ತ. ತಲೆಯಕ್ಕನ ಕಣ್ಣು ಕಿವಿಯಿಂದ ಕದಲುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕದಲಿತ್ತು. "ಒಳಗೆ ಹೆಂಗಿರತ್ತೆ ಅಂತ ಒಂದೇ ಒಂದ್ಸಲ ಇಣುಕಿದೆ. ಅಷ್ಟರಲ್ಲಿ ಕುದುರೆ ವಾಲಿ, ಒಳಗಿದ್ದ ಕೈ ಸಿಕ್ಕಿಕೊಂಡು, ಆಗಿನ ದೊಡ್ಡ ಡಾಕ್ಟ್ರ ಮಣಿಕಟ್ಟು ಮುರೀತು. ಅವರು ಬೈಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ನೋ ಏನೋ."

ಹೊಲಿಗೆ ಮುಗಿದು, ಮತ್ತಿಳಿದ ಮೇಲೆ ಕುದುರೆ ತೂರಾಡುತ್ತ ತನ್ನ ಕಾಲಲ್ಲೇ ಲಾಯದತ್ತ ನಡೆಯುತ್ತದೆ. ಜೊತೆಗೆ ಹೆಜ್ಜೆ ಹಾಕುತ್ತ ತಲೆಯಕ್ಕ ಒಂದು ಆಸೆ ಹೇಳಿಕೊಳ್ಳುತ್ತಾರೆ: "ಒಂದು ಆಪರೇಷನ್ನಾದ್ರೂ ಕಣ್ತುಂಬ ನೋಡ್ಬೇಕು."

"ನಾಳೇನೇ ನನ್ನ ಪಕ್ಕ ನಿಲ್ಲಿ, ತಲೆ ಹಿಡಿಯೋಕೆ ಬೇರೆಯವರು ಬರ್ತಾರೆ," ಎನ್ನುತ್ತಾರೆ ಡಾಕ್ಟರಮ್ಮ.

ತಲೆಯಕ್ಕ ಥಟ್ಟನೆ ನಿಲ್ಲುತ್ತಾರೆ. ಕುದುರೆಯ ಕಿವಿಯಿಂದ ಹತ್ತಿ ತೆಗೆದು, ಡಾಕ್ಟರಮ್ಮನ ಬಲಗೈಯನ್ನೊಮ್ಮೆ ನೋಡುತ್ತಾರೆ.

"ಬೇರೆಯವರಾ? ನಿಮ್ಮ ಕೈ ಬೇಡ್ವಾ ನಿಮಗೆ?"