ದಾನವ್ವನ ಟ್ರೈಲರಿನ ಬಿಗಿದ ಮುಚ್ಚಳ

ದಾನವ್ವ ಬಾಣಂತನ ಮಾಡುವವಳು. ಈ ಪರದೇಶದಲ್ಲಿ ಸ್ಯಾನ್ ರಮೋನಿನಿಂದ ಮೌಂಟನ್ ವ್ಯೂ ತನಕ ಕನ್ನಡದವರ ಮನೆಗಳಲ್ಲಿ ಹೆರಿಗೆಯ ದಿನ ಹತ್ತಿರವಾಯಿತು ಅಂದರೆ ಅವಳಿಗೆ ಫೋನು ಬರುತ್ತದೆ. ಒಂದು ಚೀಲದಲ್ಲಿ ನಾಲ್ಕು ಸೀರೆ, ಒಂದು ದೊಡ್ಡ ಬಾಟಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋಗುತ್ತಾಳೆ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದು, ಎರೆಯುವುದು, ಲೋಬಾನದ ಹೊಗೆ ಹಿಡಿಯುವುದು, ಬಾಣಂತಿಯ ಸೊಂಟಕ್ಕೆ ಬಿಸಿನೀರಿನ ಬಟ್ಟೆಯ ಶಾಖ ಕೊಡುವುದು, ಅಂಟಿನುಂಡೆ ಕಟ್ಟುವುದು ಎಲ್ಲ ಅವಳದೇ. ರಾತ್ರಿ ಕೂಸು ಅತ್ತರೂ ಅವಳೇ ಏಳಬೇಕು. ಕೂಸಿನ ಕತ್ತು ನಿಂತ ಮೇಲೆ ವಾಪಸು ಬರುತ್ತಾಳೆ.

ಬರುವುದು ಟ್ರೈಲರಿಗೆ. ಅವಳ ಗಂಡ ಗುರುಶಾಂತಪ್ಪ ಓಕ್ಲ್ಯಾಂಡಿನ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಕೆಲಸ ಬಿಟ್ಟ ಮೇಲೆ ಊರೂರು ತಿರುಗೋಣ ಅಂತ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆಯಂಥ ಹಳೆಯ ಟ್ರೈಲರ್ ಒಂದನ್ನು ಕೊಂಡಿದ್ದ. ಸಮುದ್ರದ ದಂಡೆಗೆ ಒಂದು ಸಲ ಹೋಗಿ ಬಂದರು, ಅಷ್ಟೆ. ಅವನು ತೀರಿಕೊಂಡ ಮೇಲೆ ಬಾಡಿಗೆ ಮನೆ ಬಿಡಬೇಕಾಯಿತು. ನನ್ನ ತಮ್ಮ ದೇವರಾಜು ತನ್ನ ಗಾಡಿಗೆ ಕಟ್ಟಿ ಆ ಟ್ರೈಲರನ್ನು ನಾವಿರುವ, ಇಂಥವೇ ಸಾಲಾಗಿ ನಿಲ್ಲುವ ಪಾರ್ಕಿಗೇ ಎಳೆದುಕೊಂಡು ಬಂದ. ನಮ್ಮ ಸಾಲಿನಲ್ಲೇ ಕೊನೆಯ ಜಾಗ ಅವಳದು. ವರ್ಷದಲ್ಲಿ ಹೆಚ್ಚಿನ ದಿನ ಅವಳು ಪರರ ಮನೆಯ ಕೂಸಿನ ಮಗ್ಗುಲಲ್ಲೇ ಮಲಗುವವಳು. ಅವಳದು ಅಂತ ಇರುವ ಹಾಸಿಗೆ ಇದೊಂದೇ.

ಟ್ರೈಲರಿನ ಹೊಟ್ಟೆಯೊಳಗೆ ಪಾಯಖಾನೆಯ ನೀರು ತುಂಬುವ ಟ್ಯಾಂಕು ಇರುತ್ತದೆ. ಅದರ ಪೈಪಿನ ಬಾಯಿ ಕೆಳಗಡೆ ಹೊರಕ್ಕೆ ಚಾಚಿಕೊಂಡಿದೆ. ನಾವು ಒಳಗೆ ವಾಸ ಇರುವಾಗ ಆ ಬಾಯಿಗೆ ದಪ್ಪ ಪೈಪು ಸಿಕ್ಕಿಸಿ ನೆಲದ ಗುಂಡಿಗೆ ಬಿಡಬೇಕು. ಬಹಳ ದಿನ ಇಲ್ಲದಿರುವಾಗ ಟ್ಯಾಂಕು ಖಾಲಿ ಮಾಡಿ, ಪೈಪು ಬಿಚ್ಚಿ, ಬಾಯಿಗೆ ಮುಚ್ಚಳ ಹಾಕಬೇಕು. ಮುಚ್ಚಳಕ್ಕೆ ಎರಡು ಕಿವಿ. ಹಿಡಿದು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ. ಗುರುಶಾಂತಪ್ಪ ಇದ್ದಾಗ ಅವನು ಮಾಡುತ್ತಿದ್ದ, ಆಮೇಲೆ ದೇವರಾಜು. ಹೋದ ಅಕ್ಟೋಬರಿನಲ್ಲಿ ಸ್ಯಾನ್ ರಮೋನಿನ ಸಿಂಧು ಎಂಬ ಹುಡುಗಿಗೆ ಹದಿನೈದು ದಿನ ಮೊದಲೇ ನೋವು ಬಂತು. ದೇವರಾಜು ಬಂದರಿನಿಂದ ಲಾರಿಯಲ್ಲಿ ಕಂಟೇನರ್ ಹೇರಿಕೊಂಡು ಎಲ್ಲಿಗೋ ಹೋಗಿದ್ದ. ದಾನವ್ವ ತಾನೇ ಪೈಪು ಬಿಚ್ಚಿ ಮುಚ್ಚಳ ಹಾಕಿ ಹೊರಟುಬಿಟ್ಟಳು. ಅವಸರದಲ್ಲಿ ಟ್ಯಾಂಕು ಪೂರ್ತಿ ಖಾಲಿಯಾಗಿರಲಿಲ್ಲ.

ಜನವರಿಯಲ್ಲಿ ವಾಪಸು ಬಂದಳು. ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಚೀಲ ಇಳಿಸಲಿಕ್ಕೂ ಅವಳ ಕೈಯಲ್ಲಿ ಆಗಲಿಲ್ಲ. ಬಾಗಿಲ ಹತ್ತಿರ ಪಾರ್ಕಿನ ಮ್ಯಾನೇಜರಮ್ಮ ನಿಂತಿದ್ದಳು. ಅವಳು ಹೇಳಿದ್ದನ್ನು ದೇವರಾಜು ಬಿಡಿಸಿ ಹೇಳಿದ: ಟ್ರೈಲರಿನಿಂದ ವಾಸನೆ ಬರುತ್ತಿದೆ, ಅಕ್ಕಪಕ್ಕದವರು ದೂರು ಕೊಟ್ಟಿದ್ದಾರೆ, ಹೋದ ವಾರವೇ ಫೋನಿನಲ್ಲಿ ತಿಳಿಸಿದ್ದೆ. ಇವತ್ತು ನಾನು ಊಟ ಮುಗಿಸಿ ಬರುವುದರೊಳಗೆ ಟ್ಯಾಂಕು ಖಾಲಿಯಾಗಿ ಪೈಪು ಕೂತಿರಬೇಕು. ಇಲ್ಲದಿದ್ದರೆ ಈ ಜಾಗ ಕಾಯುತ್ತಿರುವವರಿಗೆ ಹೋಗುತ್ತದೆ.

"ಮಲಗಬೇಕಂತ ಬಂದೆನ್ರೀ ಅಕ್ಕಾರ," ಅಂದಳು ದಾನವ್ವ ನನಗೆ. "ಈ ಜಾಗಾ ಹೋದರ ನಾ ಎಲ್ಲಿ ಮಲಗಲಿ?"

"ಜಾಗ ಎಲ್ಲಿಗೋಯ್ತದೆ ಬುಡು ದಾನಕ್ಕ, ಒಂದು ಮುಚ್ಚಳ ತಾನೆ," ಅಂದ ದೇವರಾಜು. ನಟ್ಟು ಬಿಚ್ಚುವ ಪಾನಗಳ ಚೀಲ ತಂದ.

ಮೊದಲು ಕುಡಿಯುವ ನೀರಿನ ಪೈಪು. ಅದು ಕಚ್ಚಿಕೊಂಡಿತ್ತು. ನಲ್ಲಿಯ ಹಿತ್ತಾಳೆ ತಿರುಪಿನಲ್ಲಿ ಹಳೆಯ ಪೈಪಿನ ಒಂದು ತುಂಡು ಕೂತಿತ್ತು, ಸುತ್ತ ಬೆಳ್ಳಗೆ ಸುಣ್ಣ ಕಟ್ಟಿತ್ತು. ಈ ಕಡೆಯ ನೀರೇ ಹಾಗೆ. ನಾನು ಹಳೆಯ ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಅದಕ್ಕೆ ಸುತ್ತಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಸುಣ್ಣ ನೊರೆ ಬಿಟ್ಟು ಮೆತ್ತಗಾಗಿತ್ತು. ದೇವರಾಜು ಒಂದು ಪಾನದಲ್ಲಿ ನಲ್ಲಿ ಅಲುಗದಂತೆ ಹಿಡಿದು ಇನ್ನೊಂದರಲ್ಲಿ ತಿರುಗಿಸಿದ. ಬಂತು. ಹೊಸ ಪೈಪು ಹಾಕಿದೆವು, ಒಳಗೆ ನೀರು ಬಂತು.

"ನೋಡ್ದಾ ಅಕ್ಕ? ಇದೂ ಅಂಗೇಯ," ಅಂತ ಅವನು ಮುಚ್ಚಳದ ಹತ್ತಿರ ಕೂತ. ಅದರ ಅಂಚಿನಲ್ಲೂ ಬೆಳ್ಳಗೆ ಕಟ್ಟಿತ್ತು. ಅದಕ್ಕೂ ವಿನೆಗರ್ ಬಟ್ಟೆ ಸುತ್ತಿದೆವು. ಕಾದೆವು. ದೇವರಾಜು ಕೈಗವಸು ಹಾಕಿಕೊಂಡು ಕಿವಿ ಹಿಡಿದು ತಿರುಗಿಸಿದ. ಅದು ಅಲುಗಲಿಲ್ಲ. ಮತ್ತೆ ವಿನೆಗರ್ ಹಾಕಿದೆವು. ಊಹೂಂ. ಅವನು ಸಿಟ್ಟಿಗೆದ್ದು ಸುತ್ತಿಗೆಯಲ್ಲಿ ಒಂದು ಕಿವಿಗೆ ಕುಟ್ಟಿದ. ಚಿಟ್ ಅಂತ ಕಿವಿಯೇ ಮುರಿದು ಹುಲ್ಲಿನಲ್ಲಿ ಬಿತ್ತು.

"ಕಿವಿ ಹಿಂಡಿ ಕಲಿಸೋ ಮಾಸ್ತರ ಬಂದಾನ ನೋಡ್ರಿ!" ಅಂದಳು ದಾನವ್ವ. "ಒಂದು ಕಿವಿ ಕಿತ್ತಿ. ಇನ್ನೊಂದರ ಉಳಸೋ ತಮ್ಮಾ."

"ನೀನು ಯಾವ ಬಂಟನ ಕೈಲಿ ಬಿಗಿಸ್ದೆ ದಾನಕ್ಕ?"

"ಬಂಟ ಎಲ್ಲಿಂದ ತರ್ಲಿ? ನಾನ ಬಿಗಿಸೇನಿ. ಅದೂ ಮೆಲ್ಲಕ."

ದೇವರಾಜು ಉದ್ದನೆಯ ಪೈಪ್ ಪಾನ ತೆಗೆದ. ಮುಚ್ಚಳಕ್ಕೆ ಕಚ್ಚಿಸಿ ಮೈಭಾರ ಬಿಟ್ಟ. ಮುಚ್ಚಳ ತಿರುಗಲಿಲ್ಲ, ಅದರ ಹಿಂದಿನ ಪೈಪು ಕಿರ್ ಅಂತು. ನಾನು ಅವನ ತೋಳು ಹಿಡಿದುಕೊಂಡೆ. ಪೈಪು ಸೀಳಿದರೆ ಟ್ಯಾಂಕನ್ನೇ ಇಳಿಸಬೇಕು. ಅದು ಊಟದ ಹೊತ್ತಿನೊಳಗೆ ಆಗುವ ಕೆಲಸವಲ್ಲ, ವಾರದಲ್ಲೂ ಆಗುವುದಿಲ್ಲ.

"ಬುಡಕ್ಕ, ಇನ್ನೊಂದ್ ದಪ," ಅಂದ.

"ಬೇಡ," ಅಂದೆ.

ದಾನವ್ವ ಮೆಟ್ಟಿಲ ಮೇಲೆ ಕೂತು ತಲೆ ಬಾಗಿಲಿಗೆ ಒರಗಿಸಿ ಕಣ್ಣು ಮುಚ್ಚಿದಳು. ಆಗ ಅವಳ ಫೋನು ಬಡಿದುಕೊಂಡಿತು. ಸಿಂಧು. ದಾನವ್ವ ಕಣ್ಣು ತೆರೆಯದೆಯೇ ಸ್ಪೀಕರ್ ಹಾಕಿದಳು. ಆ ಕಡೆಯಿಂದ ಕೂಸು ಅಳುವುದು ಕೇಳುತ್ತಿತ್ತು.

"ಆಂಟಿ, ಸಾರಿ, ನೀವು ಈಗಷ್ಟೇ ಹೋಗಿದೀರಾ. ಇವತ್ತು ಬಾತ್ ನಾನೇ ಮಾಡಿಸ್ತಿದೀನಿ. ಎಣ್ಣೆ ಬಾಟಲು ಗರಾಜಲ್ಲಿ ಇಟ್ಟಿದ್ದೆ. ಫುಲ್ ಗಟ್ಟಿ ಆಗಿದೆ, ವೈಟ್ ಆಗಿಬಿಟ್ಟಿದೆ. ಕೆಟ್ಟೋಯ್ತಾ? ಸ್ಪೂನಲ್ಲಿ ಕೆರೀಲಾ?"

"ಕೆಟ್ಟಿಲ್ಲವಾ, ಥಂಡಿಗೆ ಹೆಪ್ಪಾಗೇತಿ. ಕೆರೀಬ್ಯಾಡ, ಬಾಟ್ಲಿ ಒಡದೀತು. ಬಿಸಿನೀರಾಗ ಇಡು. ತಾನ ಕರಗತೈತಿ. ನಾ ದಿನಾ ನೀ ಏಳೂದರಾಗ..."

ಅಲ್ಲಿಗೆ ನಿಲ್ಲಿಸಿದಳು. ಕಣ್ಣು ತೆರೆದು ಮುಚ್ಚಳದ ಕಡೆ ನೋಡಿದಳು.

"ಆಂಟಿ? ಹಲೋ?"

"ಬಿಸಿನೀರಾಗ ಇಡವಾ. ನಾ ಆಮ್ಯಾಲ ಮಾಡ್ತೀನಿ," ಅಂತ ಫೋನು ಇಟ್ಟಳು.

ಎದ್ದು ಬಂದು ಮುಚ್ಚಳದ ಅಂಚಿನ ಬೆಳ್ಳಗಿನದನ್ನು ಉಗುರಿನಲ್ಲಿ ಕೆರೆದಳು. ಎರಡು ಬೆರಳ ನಡುವೆ ತಿಕ್ಕಿದಳು. ಸುಣ್ಣವಾಗಿದ್ದರೆ ಪುಡಿಯಾಗಬೇಕಿತ್ತು. ಇದು ಬೆರಳ ಶಾಖಕ್ಕೆ ನೀರಾಗಿ ಜಾರಿತು. ಮೂಗಿನ ಹತ್ತಿರ ಹಿಡಿದಳು.

"ಇದು ನನ್ನ ಎಣ್ಣೀರಿ ಅಕ್ಕಾರ," ಅಂದಳು. "ಹೋಗೂ ಮುಂದ ಮುಚ್ಚಳ ಸಲೀಸ ಕೂಡ್ಲಿ, ಮುಂದ ಸಲೀಸ ಬರ್ಲಿ ಅಂತ ಒಳಗೆಲ್ಲಾ ಬಳದಿದ್ದೆ. ಅವತ್ತ ಬಿಸಿಲಿತ್ತು, ನೀರಿನಂಗ ಇತ್ತು. ಈಗ ಥಂಡಿಗೆ ಹೆಪ್ಪಾಗಿ ಹಿಡಕೊಂಡೇತಿ. ಕೂಸಿನ ಎಣ್ಣಿ ದಿನಾ ಕರಗಿಸೀನಿ. ಇದರ ನೆನಪು ಒಂದಿನಾ ಬರಲಿಲ್ಲ."

"ಅಯ್ಯೋ ದಾನಕ್ಕ! ಇದ್ಕೂ ಬಾಣಂತನ ಮಾಡ್ಬುಟ್ಟಿದ್ದೀಯಾ?" ಅಂತ ದೇವರಾಜು ಪಾನ ಕೆಳಗೆ ಹಾಕಿ ನಕ್ಕ. ಅವಳು ನಗಲಿಲ್ಲ. ನಗುವಷ್ಟು ಶಕ್ತಿ ಇರಲಿಲ್ಲ ಅಂತ ಕಾಣುತ್ತದೆ.

ಒಳಗೆ ಹೋಗಿ ನೀರು ಕಾಯಿಸಿದಳು. ದಪ್ಪ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ತಂದಳು. ಹುಲ್ಲಿನ ಮೇಲೆ ಮಂಡಿಯೂರಿ, ಮುಚ್ಚಳಕ್ಕೆ ಸುತ್ತಿ, ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಳು. ಬಾಣಂತಿಯ ಸೊಂಟಕ್ಕೆ ಶಾಖ ಕೊಡುವಾಗ ಹಿಡಿಯುತ್ತಾರಲ್ಲ, ಹಾಗೆಯೇ. ಆರಿದ ಮೇಲೆ ತೆಗೆದು ನನ್ನ ಕೈಗೆ ಕೊಟ್ಟಳು, ನಾನು ಇನ್ನೊಂದು ತಂದುಕೊಟ್ಟೆ. ದೇವರಾಜು ಎರಡು ಸಲ ಕೈ ಮುಂದೆ ಚಾಚಿದ. "ತಡೀಪಾ, ಒಳಗಿನ ತನಕ ಹೋಗಬೇಕು," ಅಂತ ಅವಳು ಎರಡು ಸಲವೂ ಸರಿಸಿದಳು. ಮುಚ್ಚಳದ ಅಂಚಿನಿಂದ ಎಣ್ಣೆ ಧೂಳಿನ ಜೊತೆ ಕರ್‍ರಗೆ ಸೋರಲು ಶುರುವಾಯಿತು. ಎದುರಿನ ಸಾಲಿನಲ್ಲಿ ಮ್ಯಾನೇಜರಮ್ಮನ ಗಾಡಿ ಬಂದು ನಿಂತಿತು.

"ಈಗ ಹಿಡಿ. ಎಡಕ್ಕ. ಮೆಲ್ಲಕ."

ದೇವರಾಜು ಉಳಿದ ಒಂದೇ ಕಿವಿ ಹಿಡಿದು ತಿರುಗಿಸಿದ. ಒಂದು ಕೂದಲೆಳೆ ಅಲುಗಿತು, ನಿಂತಿತು. ವಾಪಸು ಬಲಕ್ಕೆ ಸ್ವಲ್ಪ ತಂದು ಮತ್ತೆ ಎಡಕ್ಕೆ. ಲಟಕ್ ಅಂತ ಬಿಟ್ಟುಕೊಂಡಿತು. ಕೆಳಗೆ ಇಟ್ಟಿದ್ದ ಬಕೆಟ್ಟಿಗೆ ಒಂದಿಷ್ಟು ಕೆಟ್ಟ ನೀರು ಬಿತ್ತು. ಮೂವರೂ ಸೆರಗು, ತೋಳು ಮೂಗಿಗೆ ಹಿಡಿದುಕೊಂಡೆವು. ಎಣ್ಣೆ ಕುಡಿದು ಮುಚ್ಚಳದೊಳಗಿನ ರಬ್ಬರ್ ಉಂಗುರ ಉಬ್ಬಿಹೋಗಿತ್ತು. ರಬ್ಬರಿಗೆ ಅಂತಲೇ ಬೇರೆ ಮುಲಾಮು ಸಿಗುತ್ತದೆ, ಹೊಸ ಉಂಗುರದ ಜೊತೆ ತರುತ್ತೇನೆ ಅಂದ ದೇವರಾಜು. ಪೈಪಿನ ಬಾಯಿ ಒರೆಸಿ, ದಪ್ಪ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಗುಂಡಿಗೆ ಬಿಟ್ಟು, ಟ್ಯಾಂಕಿನ ಕಿಂಡಿ ತೆರೆಯುವ ಹಿಡಿ ಎಳೆದ. ಒಳಗಿನದೆಲ್ಲ ಗುಡುಗುಡು ಅಂತ ಹೋಯಿತು.

ಮ್ಯಾನೇಜರಮ್ಮ ಬಂದಾಗ ನೀರು ಹೋಗುವ ಸದ್ದು ಇನ್ನೂ ನಿಂತಿರಲಿಲ್ಲ. ಬಗ್ಗಿ ನೋಡಿದಳು. ಎಲ್ಲೂ ತೊಟ್ಟಿಕ್ಕುತ್ತಿರಲಿಲ್ಲ. "ಓಕೆ, ಡಾನಾ," ಅಂದಳು. ಒಂದು ಹೆಜ್ಜೆ ಹೋಗಿ ತಿರುಗಿ, ಇಲ್ಲೇಕೆ ತೆಂಗಿನಕಾಯಿಯ ವಾಸನೆ ಅಂತ ಕೇಳಿದಳು. ದೇವರಾಜು ಏನೂ ಗೊತ್ತಿಲ್ಲದವನಂತೆ ಭುಜ ಕುಣಿಸಿದ.

ದಾನವ್ವ ಮತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಕೂದಲು ಬಿಚ್ಚಿಹೋಗಿ ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿತ್ತು. ಎಷ್ಟು ಜನರ ತಲೆಗೆ ಎಣ್ಣೆ ಒತ್ತಿದ ಕೈ, ಅವಳ ತಲೆ ನೋಡುವವರು ಯಾರು ಅನ್ನಿಸಿತು.

"ಬಾರವ್ವ," ಅಂದೆ. "ಒಲೆ ಮೇಲೆ ಬಿಸಿನೀರು ಇನ್ನೂ ಇದೆ. ನೆತ್ತಿಗೆ ಒಂದಿಷ್ಟು ಎಣ್ಣೆ ಒತ್ತಿ ನೀರು ಹಾಕ್ತೀನಿ."

"ಅಕ್ಕಾರ, ನಿಮ್ಮ ಕಾಲ ಬೀಳ್ತೀನಿ, ಇವತ್ತ ಎಣ್ಣಿ ಹೆಸರ ತಗೀಬ್ಯಾಡ್ರಿ," ಅಂದಳು.

ಆ ಬಿಸಿನೀರಿನಲ್ಲಿ ಕೈ ಮಾತ್ರ ತೊಳೆದುಕೊಂಡಳು, ಸೋಪು ಹಾಕಿ, ಎರಡು ಸಲ. ಸಿಂಧುವಿಗೆ ಫೋನು ಮಾಡಿ ಎಣ್ಣೆ ಕರಗಿತೇ ಅಂತ ಕೇಳಿದಳು. ಕರಗಿದೆ, ಸ್ನಾನ ಆಯಿತು, ಪಾಪು ಮಲಗಿದೆ ಅಂದಳು ಅವಳು. "ನಾನೂ ಮಲಗ್ತೀನವಾ," ಅಂತ ದಾನವ್ವ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ನಾನೇ ಕಾಲಿನಿಂದ ತೆಗೆದು ಹೊರಗಿಟ್ಟು ಬಾಗಿಲು ಎಳೆದುಕೊಂಡೆ.