ಉಮಾದೇವಿ ಅಕ್ಕೋರು ಮತ್ತು ನೂರಾ ಹದಿನೆಂಟು ಕುರಿ

ಹುಮನಾಬಾದದ ರೈಲನ್ನು ಒಮ್ಮೆ ನನ್ನ ಟಗರು ತಡೆದು ನಿಲ್ಲಿಸಿತ್ತು. ಡ್ರೈವರ್ ಇಳಿದು ಬಂದು ಅದರ ಕಾಲಿಗೆ ಬಿದ್ದ ಮೇಲೆಯೇ ಅದು ದಾರಿ ಬಿಟ್ಟದ್ದು. ನಮ್ಮೂರಲ್ಲಿ ಈ ಮಾತನ್ನು ಯಾರೂ ಕೊನೆಯ ತನಕ ಕೇಳಿಲ್ಲ. ಉಮಾದೇವಿ ಅಕ್ಕೋರು ಒಬ್ಬರೇ ಪೂರ್ತಿ ಕೇಳಿ, "ಆಮ್ಯಾಲ ಟಗರು ಎಲ್ಲಿ ಹೋಯ್ತು ಮುತ್ಯಾ?" ಎಂದಿದ್ದರು. ಅಂಥವರ ಬಗ್ಗೆ ಹೇಳುವಾಗ ಸುಳ್ಳು ಬೆರೆಸಬಾರದು ಎಂದು ಮನಸ್ಸು ಗಟ್ಟಿ ಮಾಡಿದ್ದೇನೆ. ಟಗರಿನ ಮಾತು ಬೇರೆ.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳು. ಉಮಾದೇವಿ ಹುಮನಾಬಾದದವರು, ಬಟ್ಟೆ ಅಂಗಡಿಯವರ ಮಗಳು. ಅಂಗಡಿಯಲ್ಲಿ ಕೂತು ಸೀರೆ ಬಿಚ್ಚಿ ತೋರಿಸುವುದು ಬೇಡವೆಂದು ಬಿ.ಎಡ್. ಮಾಡಿದರು. ಕೆಲಸ ಸಿಕ್ಕಿದ್ದು ಅತಿಥಿ ಶಿಕ್ಷಕಿಯದು. ಜೂನಿನಲ್ಲಿ ಕರೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಕಳಿಸುತ್ತಾರೆ, ಮುಂದಿನ ಜೂನಿನಲ್ಲಿ ಕರೆದರೆ ಕರೆದರು. ಏಳು ವರ್ಷ ಹೀಗೆಯೇ ನಡೆಯಿತು. ದಿನಾ ಬೆಳಿಗ್ಗೆ ಹುಮನಾಬಾದದಿಂದ ಬಸವಕಲ್ಯಾಣಕ್ಕೆ ಬಸ್ಸು, ಅಲ್ಲಿಂದ ನಾರಾಯಣಪುರದ ದಾರಿಯಲ್ಲಿ ನಮ್ಮೂರಿಗೆ ಟಂಟಂ ಆಟೋ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ.

"ಅಕ್ಕೋರು ಬಸ್ಸಿನ್ಯಾಗ ಕುಂತಿದ್ದು ಎಲ್ಲಾ ಕೂಡಿಸಿದ್ರ ಚಂದ್ರನ ತನಕ ಹೋಗಿ ಬರಬಹುದು" ಎಂದು ನಾನು ಒಮ್ಮೆ ಹೇಳಿದೆ.

ನನ್ನ ಮೊಮ್ಮಗಳು ಸ್ನೇಹಲ್ ಪಾಟಿ ತೆಗೆದುಕೊಂಡು ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತಿಗೆ, "ಇಲ್ಲ ಮುತ್ಯಾ. ಕಾಲು ಭಾಗ ದಾರಿಗಿಂತ ಒಂದೀಟು ಮುಂದ ಆಗ್ತದ, ಅಷ್ಟೇ. ನೀ ಅಲ್ಲೇ ಇಳದ್ರ ಬಿದ್ದು ಸಾಯ್ತಿ" ಎಂದಳು.

ಅವಳು ಹಾಗೆಯೇ. ಲೆಕ್ಕ ತಪ್ಪಿದರೆ ಅನ್ನ ಸೇರುವುದಿಲ್ಲ. ಐದನೇ ಇಯತ್ತೆಯಲ್ಲಿ ಅವಳಷ್ಟು ಚುರುಕಿನವರು ಇರಲಿಲ್ಲ. ಆದರೆ ನಮ್ಮದು ಕುರಿ ಕಾಯುವ ಮನೆ. ದೀಪಾವಳಿ ಆದ ಮೇಲೆ ನನ್ನ ಮಗ ಬಕ್ಕಪ್ಪ, ಸೊಸೆ ಧೂಳಮ್ಮ ಹಿಂಡು ಹೊಡೆದುಕೊಂಡು ಹುಮನಾಬಾದ ದಾಟಿ ಕೊಡಂಬಲ, ನಿರ್ಣಾ ಕಡೆ ಹೋದರೆ ಊರಿಗೆ ಬರುವುದು ಮಳೆ ಹಿಡಿದಾಗಲೇ. ಕೈಗೆ ಬಂದ ಮಕ್ಕಳೂ ಜೊತೆಗೆ ಹೋಗುತ್ತವೆ. ಹೋದವು ಮತ್ತೆ ಶಾಲೆಗೆ ಕೂತದ್ದನ್ನು ನಾನು ಕಂಡಿಲ್ಲ. ಈ ಸಲ ಸ್ನೇಹಲ್‌ಳ ಸರದಿ ಬಂದಿತ್ತು.

ಅಕ್ಕೋರು ಅದಕ್ಕೆ ಒಂದು ದಾರಿ ಹುಡುಕಿದರು. ಇಂಟರ್‌ನೆಟ್ಟಿನಲ್ಲಿ ಕಥೆ ಮಾಡುವ ಒಂದು ಜಾಗ ಇದೆಯಂತೆ. ಪುಸ್ತಕದ ಹಾಗೆ ಖಾಲಿ ಪುಟಗಳು. ಪುಟಕ್ಕೆ ಫೋಟೋ ಹಾಕಬಹುದು, ಮಕ್ಕಳು ಬರೆದ ಚಿತ್ರ ಹಾಕಬಹುದು, ಕೆಳಗಿನ ಮೈಕಿನ ಗುರುತು ಒತ್ತಿ ಮಾತಾಡಬಹುದು. ಲಿಂಕ್ ಇದ್ದವರು ಎಲ್ಲಿ ಕೂತಾದರೂ ಪುಟ ಸೇರಿಸಬಹುದು. ಸ್ನೇಹಲ್ ತನ್ನ ಅವ್ವನ ಫೋನಿನಲ್ಲಿ ಅಡವಿಯಿಂದ ಒಂದು ಪುಟ ಹಾಕುವುದು, ಇಲ್ಲಿ ತರಗತಿಯವರು ಅದನ್ನು ಗೋಡೆಯ ಟಿವಿಯಲ್ಲಿ ನೋಡಿ ಇನ್ನೊಂದು ಹಾಕುವುದು. ಅದರಲ್ಲೇ ಭಾಷೆ, ಅದರಲ್ಲೇ ಲೆಕ್ಕ. ಹೆಡ್‌ಮಾಸ್ತರರು ಬಹಳ ಯೋಚಿಸಿ, "ಪುಟ ಬರೂ ತನಕ ಹುಡುಗಿ ಹೆಸರು ಹಾಜರಿ ಬುಕ್ಕಿನ್ಯಾಗ ಇರ್ತದ. ನಿಂತ್ರ ನಾ ಏನೂ ಮಾಡಾಕ ಬರಂಗಿಲ್ಲ" ಎಂದರು.

ಶಾಲೆಯಲ್ಲಿ ನೆಟ್ ಎಂದರೆ ಅಕ್ಕೋರ ಫೋನಿನ ನೆಟ್. ಅದು ಕಿಟಕಿಯ ಎಡಗಡೆ ಮೂಲೆಯಲ್ಲಿ ಮಾತ್ರ ಬರುತ್ತಿತ್ತು. ಪಾಠ ಮುಗಿಯುವ ತನಕ ಅವರು ಒಂದು ಕೈ ಹೊರಗೆ ಚಾಚಿ ನಿಲ್ಲುತ್ತಿದ್ದರು. ಆ ಕೈ ಈ ಕೈಗಿಂತ ನಾಲ್ಕು ಬೆರಳು ಉದ್ದವಾಗಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದೆ.

ಮೊದಲ ಪುಟದಲ್ಲಿ ಹೆದ್ದಾರಿ ದಾಟುವ ಹಿಂಡು, ಸ್ನೇಹಲ್‌ಳ ದನಿ: "ಲಾರಿಯವ ಹಾರ್ನ್ ಹೊಡದ. ನಮ್ಮ ಕುರಿಗೆ ಕಿವಿ ಕೇಳ್ಸಲಿಲ್ಲ." ಮೂರನೆಯದರಲ್ಲಿ ಈದ ಕುರಿ, ಇನ್ನೂ ಒದ್ದೆಯಾದ ಮರಿ. ಇಲ್ಲಿಯ ಮಕ್ಕಳು ಅದಕ್ಕೆ ಹೆಸರಿಡಲು ಜಗಳವಾಡಿದರು. ಆರು ಪುಟ ಆದವು. ಅಕ್ಕೋರು ಬಸ್ಸಿಳಿದು ಬರುವ ನಡಿಗೆಯೇ ಬದಲಾಯಿತು.

ಏಳನೆಯ ಪುಟ ತರಗತಿಯದು. ನನ್ನನ್ನೂ ಕರೆದು ಕೂರಿಸಿದ್ದರು. ಅಕ್ಕೋರು ಮೈಕ್ ಒತ್ತಿ ಕೇಳಿದರು: "ಸ್ನೇಹಲ್, ನಿಮ್ಮ ಹಿಂಡಿನ್ಯಾಗ ಒಟ್ಟು ಎಷ್ಟು ಕುರಿ ಅವ? ನಾಳೆ ಅದರ ಮ್ಯಾಲ ಗುಣಾಕಾರ ಮಾಡೂಣು."

ಮುಂದಿನ ಸಾಲಿನ ಇಬ್ಬರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಕುರಿ ಎಷ್ಟು ಎಂದು ನಮ್ಮವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂಡಿಗೆ ಕಣ್ಣು ತಾಗುತ್ತದೆ. ಕೇಳಿದವರಿಗೆ "ಅವ ನಾಕು" ಎಂದು ಮುಂದೆ ನಡೆಯುತ್ತೇವೆ. ಸಂಜೆ ಹಿಂಡು ಸೇರುವಾಗ ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಗೊತ್ತಾಗುತ್ತದೆ, ಎಣಿಸಬೇಕಿಲ್ಲ. ಬಟ್ಟೆ ಅಂಗಡಿಯವರ ಮಗಳಿಗೆ ಇದು ಹೇಗೆ ಗೊತ್ತಿರಬೇಕು? ಹಾಗೆ ಕೇಳಬೇಡಿರಿ ಎಂದು ನಾನು ಹೇಳಬೇಕಿತ್ತು. ಎದುರಿಗೆ ಇಪ್ಪತ್ತು ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದವು. ಮೈಕಿಗೆ ಬಾಗಿ, "ಏಳು ಸಾವಿರ. ಮುಂದಿನ ಕುರಿ ಹುಮನಾಬಾದನ್ಯಾಗ ನೀರು ಕುಡ್ಯಾಕತ್ತಿದ್ರ ಹಿಂದಿನದು ಇಲ್ಲೇ ಸಸ್ತಾಪುರ ಬಂಗ್ಲಾದಾಗ ಇನ್ನಾ ಮೇಯಾಕತ್ತಿರ್ತದ" ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಕ್ಕೋರೂ ನಕ್ಕರು.

ಎರಡು ದಿನಕ್ಕೆ ಎಂಟನೆಯ ಪುಟ ಬಂತು. ಹಿಂಡಿನ ಫೋಟೋ, ಒಂದೊಂದು ಕುರಿಯ ಮೇಲೂ ಕೆಂಪು ಚುಕ್ಕೆ. "ಮುತ್ಯಾ ಸುಳ್ಳ ಹೇಳ್ತಾನ್ರಿ ಅಕ್ಕೋರೆ. ನಾ ಎರಡು ಸಲ ಎಣಿಸೀನಿ. ನೂರಾ ಹದಿನೆಂಟು ಅವ."

ಈಗ ಆ ಸಂಖ್ಯೆಯನ್ನು ಬರೆಯಬಹುದು. ಈಗ ಅದು ಸುಳ್ಳು.

ನಮ್ಮೂರಿನ ಇನ್ನೊಬ್ಬ ಕುರಿಯವ ತನ್ನ ಮಗಳ ಫೋನಿನಲ್ಲಿ ಅದನ್ನು ಕೇಳಿ ಬಕ್ಕಪ್ಪನಿಗೆ ಫೋನ್ ಮಾಡಿದ: "ಏನಪಾ ನೂರಾ ಹದಿನೆಂಟರ ಸಾವ್ಕಾರ, ಊಟಾಯ್ತಾ?" ವಾರದೊಳಗೆ ಕುರಿಗಳ ಮೂತಿ ಬಾತು, ನಾಲಿಗೆ ನೀಲಿಯಾಗಿ, ಜೊಲ್ಲು ಸುರಿಯತೊಡಗಿತು. ಸತ್ತವನ್ನು ಎಣಿಸಲು ನಮ್ಮಲ್ಲಿ ಅಡ್ಡಿಯಿಲ್ಲ. ಐವತ್ಮೂರು.

ಒಂಬತ್ತನೆಯ ಪುಟ ಬರಲಿಲ್ಲ. ಅಕ್ಕೋರು ಹದಿನೈದು ದಿನ ಕಾದರು. ಆಮೇಲೆ ಒಂದು ಭಾನುವಾರ ನಾನೂ ಅವರೂ ಬಸ್ಸು ಹತ್ತಿ ಕೊಡಂಬಲಕ್ಕೆ ಹೋದೆವು. ತೊಗರಿ ಕೊಯ್ದ ಹೊಲದಲ್ಲಿ ಹಿಂಡು ನಿಂತಿತ್ತು. ಧೂಳಮ್ಮ ಕಂಬಳಿ ಹಾಸಿ, ಚಹಾ ಕೊಟ್ಟು, ಮಾತಿಗೆ ನಿಲ್ಲದೆ ಒಲೆಯ ಕಡೆ ಹೋದಳು.

"ಬಕ್ಕಪ್ಪಣ್ಣ, ಇದು ಗುಂಗಾಡು ಕಚ್ಚಿ ಬರೂ ರೋಗರಿ" ಎಂದರು ಅಕ್ಕೋರು. "ಡಾಕ್ಟರ್‌ಗೆ ಕೇಳ್ಕೊಂಡೇ ಬಂದೀನಿ. ಲಸಿಕಿ ಹಾಕಸ್ಬೇಕಾಗಿತ್ತು. ಹುಡುಗಿ ಹೇಳಿದ್ದಕ್ಕ ಬಂದದ್ದಲ್ಲ."

ಬಕ್ಕಪ್ಪ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಜಗಳವಾಡಲು ಜಾಗ ಇರುತ್ತಿತ್ತು. "ಡಾಕ್ಟರ್ ಹೇಳಿದ್ದು ಖರೇನೇ ಇರ್ಬಹುದ್ರಿ. ಬಾಜೂ ಹೊಲದಾಗ ಇನ್ನೊಂದು ಹಿಂಡ ಅದ. ಗುಂಗಾಡು ಅಲ್ಲಿಗಿ ಯಾಕ ಹೋಗ್ಲಿಲ್ಲ?"

ನಾನು ಎದ್ದು ನಿಂತೆ. "ತಪ್ಪು ನಂದದ. ಮೊದಲ ಲೆಕ್ಕ ಬಾಯಿಬಿಟ್ಟಾವ ನಾ. ಏಳು ಸಾವಿರ ಅಂದೀನಿ, ಮೈಕಿನ್ಯಾಗ ಅದ, ಕೇಳು. ಕಣ್ಣು ತಾಗಿದ್ರ ನನ್ನ ಮಾತಿಗೇ ತಾಗ್ಯದ. ಹುಡುಗೀದು ಏನೂ ಇಲ್ಲ."

ಬಕ್ಕಪ್ಪ ನಕ್ಕ. ಅಷ್ಟು ದಿನಕ್ಕೆ ಮೊದಲ ಸಲ ನಕ್ಕಿದ್ದನೇನೋ. "ಅಪ್ಪಾ, ಕುಂದ್ರು. ನಿನ್ನ ಮಾತು ಊರಾಗ ಯಾರೂ ನಂಬಲ್ಲ. ಕಣ್ಣು ನಂಬ್ತದೇನು?"

ನಾನು ಕೂತೆ. ಎಪ್ಪತ್ತು ವರ್ಷ ಬಡಾಯಿ ಕೊಚ್ಚಿದ್ದೇನೆ. ಒಂದು ಖರೇ ಮಾತು ಬೇಕಾದಾಗ ಅದನ್ನು ಇಡಲು ಜಾಗ ಇರಲಿಲ್ಲ.

ಸ್ನೇಹಲ್ ದೂರದಲ್ಲಿ ಮರಿಗಳನ್ನು ಕೂಡಿಹಾಕಿದ ಬಲೆಯ ಹತ್ತಿರ ನಿಂತಿದ್ದಳು. ಅಕ್ಕೋರೇ ಅಲ್ಲಿಗೆ ಹೋದರು. ನಾನು ಹಿಂದಿನಿಂದ ಹೋದೆ.

"ಒಂಬತ್ತನೇ ಪುಟ ಖಾಲಿ ಇಟ್ಟೀವಿ, ಪುಟ್ಟಿ. ಕುರೀದು ಬ್ಯಾಡ. ಮೋಡದ್ದು ಹಾಕು, ಏನರೆ ಹಾಕು. ಈ ಮರಿ ಎಷ್ಟವ ನೋಡು, ಇಲ್ಲ, ಅದು ಬ್ಯಾಡ—" ಎಂದು ಅಕ್ಕೋರು ನಾಲಿಗೆ ಕಚ್ಚಿಕೊಂಡರು.

ಸ್ನೇಹಲ್ ನೆಲ ನೋಡುತ್ತಾ, "ನನಗ ಎಣಿಸಾಕ ಬರಲ್ರಿ ಅಕ್ಕೋರೆ. ಮರತೀನಿ" ಎಂದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಟಗರಿನ ಕಥೆ ಶುರು ಮಾಡಿದೆ. ಅಕ್ಕೋರು ಕಿಟಕಿಯ ಹೊರಗೆ ನೋಡುತ್ತಿದ್ದರು. ಆಮೇಲೆ ಏನಾಯಿತು ಎಂದು ಕೇಳಲಿಲ್ಲ. ಹುಮನಾಬಾದದಲ್ಲಿ ಇಳಿಯುವಾಗ, "ಎಷ್ಟು ಕುರಿ ಅಂತ ನಾ ಯಾಕರೆ ಕೇಳ್ದೆ ಮುತ್ಯಾ" ಎಂದರು, ಅಷ್ಟೇ.

ಫೆಬ್ರುವರಿಯಲ್ಲಿ ಹೆಡ್‌ಮಾಸ್ತರರು ಹಾಜರಿ ಬುಕ್ಕಿನಲ್ಲಿ ಸ್ನೇಹಲ್‌ಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಮಾತು ಕೊಟ್ಟದ್ದಕ್ಕಿಂತ ಎರಡು ತಿಂಗಳು ಹೆಚ್ಚೇ ಕಾದಿದ್ದರು, ಅವರನ್ನು ಅನ್ನುವ ಹಾಗಿಲ್ಲ. ಜೂನಿನಲ್ಲಿ ಅಕ್ಕೋರನ್ನು ಕರೆಯಲಿಲ್ಲ. ಈಗ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದಾರೆ ಎಂದು ಕೇಳಿದೆ. ಗೋಡೆಯ ಟಿವಿಗೆ ಬಟ್ಟೆ ಹೊದಿಸಿದ್ದಾರೆ.

ಹೋಗುವ ಮೊದಲು ಅಕ್ಕೋರು ಆ ಲಿಂಕನ್ನು ನನ್ನ ಫೋನಿಗೆ ಹಾಕಿಕೊಟ್ಟಿದ್ದರು. ಕೆಲವು ಮಧ್ಯಾಹ್ನ ತೆಗೆಯುತ್ತೇನೆ. ಲಾರಿ ಹಾರ್ನ್, ಒದ್ದೆ ಮರಿ, ನನ್ನ ಏಳು ಸಾವಿರ, ಅದರ ಹಿಂದೆ ಇಪ್ಪತ್ತು ಮಕ್ಕಳ ನಗು. ಎಂಟನೆಯ ಪುಟದಲ್ಲಿ ಅವಳು ನನ್ನನ್ನು ಸುಳ್ಳ ಎನ್ನುತ್ತಾಳೆ. ಅದನ್ನು ಎರಡು ಸಲ ಕೇಳುತ್ತೇನೆ. ಒಂಬತ್ತನೆಯದು ಬೆಳ್ಳಗಿದೆ, ಕೆಳಗೆ ಮೈಕಿನ ಗುರುತು ಇದೆ. ಮಳೆ ಹಿಡಿದಾಗ ಊರಿಗೆ ಬಂದ ಸ್ನೇಹಲ್‌ಳ ಮುಂದೆ ಒಮ್ಮೆ ಆ ಫೋನ್ ಹಿಡಿದೆ. "ನೀನೇ ಏನರೆ ಹೇಳು ಮುತ್ಯಾ" ಎಂದು ಮರಿಗಳಿಗೆ ಸೊಪ್ಪು ಹಾಕಲು ಎದ್ದು ಹೋದಳು.

ನಾನು ಮೈಕ್ ಒತ್ತಲಿಲ್ಲ.