ಬಾಡಿಗೆಯ ಜೈಕಾರ

ಹದಿನೇಳನೇ ನಂಬರ್ ಬಸ್ಸು ಓಡಿಸುವ ಹೆಂಗಸಿಗೆ ಡ್ರೈವರಮ್ಮ ಎಂದೇ ಹೆಸರಾಗಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸು. ನಿಂತ ಮುದುಕಿಯ ಕೈಚೀಲ ಅಲುಗದ ಹಾಗೆ ಬ್ರೇಕ್ ಹಾಕುವುದು ಆಕೆಗೆ ಗೊತ್ತಿತ್ತು. ಬಸ್ಸಿನಲ್ಲಿ ಆಕೆ ಮಾತಾಡುತ್ತಿದ್ದುದು ಕಡಿಮೆ. ವಾರವಿಡೀ ಉಳಿಸಿದ ಗಂಟಲನ್ನು ಊರಿನ ಫುಟ್‌ಬಾಲ್ ಮೈದಾನದ ಉತ್ತರದ ಗ್ಯಾಲರಿಯಲ್ಲಿ, ಒಂಬತ್ತನೇ ಮೆಟ್ಟಿಲಿನ ಮೇಲೆ ನಿಂತು ಖರ್ಚು ಮಾಡುತ್ತಿದ್ದಳು. ಪಂದ್ಯದ ದಿನ ರಜೆ ಬೇಕೆಂದು ಸಹೋದ್ಯೋಗಿಗಳ ಬೆಳಗಿನ ಪಾಳಿಗಳನ್ನೆಲ್ಲ ತಾನೇ ಹೊತ್ತುಕೊಳ್ಳುತ್ತಿದ್ದಳು.

ಈ ಹುಚ್ಚು ಹತ್ತಿಸಿದ್ದು ಎರಕದ ಕಾರ್ಖಾನೆಯಲ್ಲಿದ್ದ ಅಪ್ಪ. ಅಪ್ಪ ಹೋದ ಮೇಲೂ ಅಣ್ಣ ತಂಗಿ ಇಬ್ಬರೂ ಅದೇ ಮೆಟ್ಟಿಲಿಗೆ ಹೋಗುತ್ತಿದ್ದರು. ಅಣ್ಣ ಕ್ಷೌರಿಕ, ಜೊತೆಗೆ ಅಭಿಮಾನಿಗಳ ಸಂಘದ ಕಾರ್ಯದರ್ಶಿ. ಅವನ ಅಂಗಡಿಯೇ ಸಂಘದ ಆಫೀಸು. ಅರ್ಧ ಕೆನ್ನೆ ಬೋಳಿಸಿಕೊಂಡ ಗಿರಾಕಿಗಳು ಎಷ್ಟೋ ಸಲ ಉಳಿದರ್ಧಕ್ಕೆ ಕಾಯುತ್ತ, ಡಿಫೆನ್ಸ್ ಎಲ್ಲಿ ಸಡಿಲವಾಗಿದೆ ಎಂಬ ವಿವರಣೆ ಕೇಳಬೇಕಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಕ್ಲಬ್ಬನ್ನು ಒಂದು ಕಂಪನಿ ಕೊಂಡಿತ್ತು. ಮೊದಲ ದಿನ ಪಂದ್ಯ ನೋಡಲು ಬಂದ ಮಾಲೀಕರು, ವಿರಾಮದ ನಂತರ ತಂಡಗಳು ಯಾಕೆ ಬದಿ ಬದಲಿಸಿದವು ಎಂದು ಪಕ್ಕದವರನ್ನು ಕೇಳಿದರಂತೆ. ಊರು ನಕ್ಕು ಸುಮ್ಮನಾಯಿತು. ಆಮೇಲೆ ನಗು ಬರಲಿಲ್ಲ. ನಾಲ್ಕು ವರ್ಷದಲ್ಲಿ ಐದು ಕೋಚ್‌ಗಳು ಬಂದು ಹೋದರು. ಅಜ್ಜಂದಿರ ಕಾಲದ ಹಸಿರು ಅಂಗಿ ಕಂಪನಿಯ ಬಣ್ಣವಾದ ನೇರಳೆಗೆ ತಿರುಗಿತು. ಅಭ್ಯಾಸದ ಮೈದಾನ ಕಾರು ನಿಲ್ಲಿಸುವ ಜಾಗವಾಯಿತು. ದುಡಿಯುವವರಾರೂ ಬರಲಾಗದ ಸೋಮವಾರ ಮಧ್ಯಾಹ್ನಕ್ಕೆ ಎಷ್ಟೋ ಪಂದ್ಯಗಳು ಹೋದವು.

ಜನ ಇಷ್ಟನ್ನೂ ನುಂಗಿಕೊಂಡರು. ನುಂಗಲಾಗದ್ದು ಗೋಲ್‌ಕೀಪರನ ಸುದ್ದಿ. ಅವನು ಅಣ್ಣನ ಅಂಗಡಿಯ ಹಿಂದಿನ ಬೀದಿಯಲ್ಲೇ ಬೆಳೆದವನು. ಒಂಬತ್ತು ವರ್ಷ ಗೋಲು ಕಾದಿದ್ದ. ಚೆಂಡು ಒಳಗೆ ಬಿಡದವನೆಂದು ಅವನಿಗೆ ಬೀಗ ಎಂದು ಅಡ್ಡಹೆಸರು. ಸೀಸನ್ನು ಇನ್ನೂ ಅರ್ಧ ಬಾಕಿ ಇರುವಾಗ ಮಾಲೀಕರು ಅವನನ್ನು ಎದುರಾಳಿ ತಂಡಕ್ಕೇ ಮಾರಿಬಿಟ್ಟರು. ಫೋನಿನಲ್ಲಿ ಸುದ್ದಿ ಬಂದಾಗ ಅಣ್ಣನ ಕತ್ತಿ ಗಿರಾಕಿಯ ಗದ್ದದ ಕೆಳಗೆ ನಿಂತುಹೋಯಿತು.

"ಮೊದ್ಲು ಕತ್ತಿ ತೆಗಿ ಮಾರಾಯ, ಆಮೇಲೆ ಸಿಟ್ಟು ಮಾಡ್ಕೊ," ಎಂದ ಗಿರಾಕಿ.

ಸಂಘ ಏಳು ಪತ್ರ ಬರೆಯಿತು. ಏಳಕ್ಕೂ ಒಂದೇ ಉತ್ತರ: ನಿಮ್ಮ ಭಾವನೆಗಳನ್ನು ನಾವು ಗೌರವಿಸುತ್ತೇವೆ. ಏಳನೆಯದರಲ್ಲಿ ಹೆಸರು ತುಂಬುವ ಜಾಗವನ್ನೂ ಖಾಲಿ ಬಿಟ್ಟಿದ್ದರು. ಅಣ್ಣ ಎಲ್ಲವನ್ನೂ ಕನ್ನಡಿಯ ಪಕ್ಕ ಅಂಟಿಸಿದ. ಕೊನೆಗೆ ಸಂಘದವರು ಸೇರಿ, ಅದೇ ಎದುರಾಳಿಯ ಜೊತೆಗಿನ, ಟಿವಿಯಲ್ಲಿ ಬರುವ ಮುಂದಿನ ಭಾನುವಾರದ ದೊಡ್ಡ ಪಂದ್ಯಕ್ಕೆ ಒಬ್ಬರೂ ಹೋಗಬಾರದು, ಉತ್ತರದ ಗ್ಯಾಲರಿ ಖಾಲಿ ಹೊಡೆಯಬೇಕು, ಅದನ್ನು ದೇಶವೆಲ್ಲ ನೋಡಬೇಕು ಎಂದು ತೀರ್ಮಾನಿಸಿದರು.

ಮನೆಯಲ್ಲಿ ಕೂತರೆ ಕಾಲು ಮೈದಾನದ ಕಡೆಗೇ ಎಳೆಯುತ್ತದೆಂದು ಡ್ರೈವರಮ್ಮ ಆ ಭಾನುವಾರ ತಾನಾಗಿ ಡ್ಯೂಟಿ ಕೇಳಿ ಪಡೆದಳು. ಡಿಪೋದವರು ಒಂದು ವಿಳಾಸ ಕೊಟ್ಟು, ಸ್ಪೆಷಲ್ ಟ್ರಿಪ್ಪು, ಬಾಡಿಗೆಗೆ ಹೋಗಿದೆ ಎಂದರು. ಮಾರುಕಟ್ಟೆಯ ಹಿಂದಿನ ಶೆಡ್ಡಿನ ಮುಂದೆ ನಲವತ್ತೆಂಟು ಜನ ನಿಂತಿದ್ದರು. ಎಲ್ಲರ ಮೈಮೇಲೂ ಮಡಿಕೆಯ ಗೆರೆ ಇನ್ನೂ ಹೋಗದ ನೇರಳೆ ಅಂಗಿ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ತಲೆ ಎಣಿಸುತ್ತಿದ್ದ.

"ಉತ್ತರದ ಗೇಟಿಗೆ ಬಿಡಿ ಮೇಡಂ. ಟಿವಿಯೋರು ಬರೋದ್ರೊಳಗೆ ಎಲ್ರೂ ಕೂತಿರ್ಬೇಕು," ಎಂದು ಹೇಳಿ ಅವನು ಕಾರು ಹತ್ತಿ ಮುಂದೆ ಹೋದ.

ಖಾಲಿ ಗ್ಯಾಲರಿ ತುಂಬಿಸಲು ಕಂಪನಿ ಕೂಲಿ ಕೊಟ್ಟು ಕರೆಸಿದ ಜನ ಇವರೆಂದು ಡ್ರೈವರಮ್ಮನಿಗೆ ತಿಳಿದುಹೋಯಿತು. ಅವರೆಲ್ಲ ತನ್ನ ಮೆಟ್ಟಿಲಿನ ಮೇಲೆ ಕೂರಲು ಹೊರಟವರು, ಕರೆದೊಯ್ಯಬೇಕಾದವಳು ತಾನು. ಕೀಲಿ ಕಿತ್ತುಕೊಂಡು ಇಳಿದು ಹೋಗಿಬಿಡಲೇ ಎನಿಸಿತು. ಆದರೆ ಹತ್ತಿದವರನ್ನು ಜಾಗ ಮುಟ್ಟಿಸದೆ ಇಳಿಸಿದ್ದು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಇರಲಿಲ್ಲ. ಗೇರು ಹಾಕಿದಳು.

ಮುಂದಿನ ಸೀಟಿನಲ್ಲಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬಳು ಕೂತಿದ್ದಳು. ಬೆರಳ ತುದಿಗಳೆಲ್ಲ ನೀರಿಗೆ ಸುಕ್ಕುಗಟ್ಟಿದ್ದವು. ಅವಳಿಗೆ ಅದು ವಾರದ ರಜೆ.

"ಅಕ್ಕಾ, ನಾವೆಲ್ಲ ಯಾವ ಕಡೆಯೋರು?" ಎಂದು ಅವಳು ಕೇಳಿದಳು.

"ನೇರಳೆ ಕಡೆಯೋರು."

"ಜೋರಾಗಿ ಕೂಗ್ಬೇಕು ಅಂದ್ರು. ಏನು ಕೂಗ್ಬೇಕೋ ಅವ್ರು ಫೋನಲ್ಲಿ ಕೇಳಿಸಿದ್ರು, ಒಂದಕ್ಷರ ತಿಳೀಲಿಲ್ಲ. ನೀವು ಈ ಊರೋರೇ ಅಲ್ವಾ, ಏನಾದ್ರೂ ಹೇಳ್ಕೊಡಿ. ಸುಮ್ನೆ ಕೂತು ಬಂದ್ರೆ ಮನಸ್ಸಿಗೆ ಸರಿಹೋಗಲ್ಲ."

ಸಿಗ್ನಲ್ ಕೆಂಪಾಯಿತು. ಡ್ರೈವರಮ್ಮ ಕನ್ನಡಿಯಲ್ಲಿ ಹಿಂದಿನವರನ್ನೆಲ್ಲ ಒಮ್ಮೆ ನೋಡಿದಳು. ಗೋಲ್‌ಕೀಪರ್ ಹೋದ ಮರುದಿನ ಅಂಗಡಿಯಲ್ಲಿ ಹುಟ್ಟಿದ ಕೂಗು ಬಾಯಿಗೆ ಬಂದೇಬಿಟ್ಟಿತು.

"ಬೀಗ ಮಾರ್ಕೊಂಡೋರೇ, ಜಾಗ ಬಿಡಿ ಬೇಗ."

ಪ್ರಾಸ ಚೆನ್ನಾಗಿತ್ತು. ಎರಡನೇ ಸಲಕ್ಕೆ ಹಿಂದಿನ ಸೀಟಿನವರೂ ಸೇರಿಕೊಂಡರು. ಮೂರನೇ ಸಲಕ್ಕೆ ಸೀಟಿನ ಬೆನ್ನಿಗೆ ತಾಳ ಬಿತ್ತು. ಆಗ ಡ್ರೈವರಮ್ಮನಿಗೆ ಅಳುಕಾಯಿತು. ಈ ಜನರ ಒಂದು ದಿನದ ಕೂಲಿಗೆ ತಾನು ಕಲ್ಲು ಹಾಕುತ್ತಿದ್ದೇನೋ ಏನೋ.

"ನೋಡಮ್ಮ, ಇದು ಮಾಲೀಕ್ರನ್ನ ಬೈಯೋ ಮಾತು. ಕೂಗಿದ್ರೆ ಅವ್ರಿಗೆ ಸಿಟ್ಟು ಬರ್ಬೋದು," ಎಂದಳು.

ಪಾತ್ರೆಯ ಹೆಂಗಸು ಹಿಂದೆ ತಿರುಗಿ ಎಲ್ಲರಿಗೂ ವಿಷಯ ಹೇಳಿದಳು. ಗುಸುಗುಸು ನಡೆಯಿತು. ಆಮೇಲೆ ಈ ಕಡೆ ತಿರುಗಿದಳು.

"ಕೂಗೋಕೆ ಕರೆದಿದ್ದಾರೆ ಅಕ್ಕಾ. ಏನು ಕೂಗ್ಬಾರ್ದು ಅಂತ ಯಾರೂ ಹೇಳಿಲ್ಲ."

ಗ್ಯಾಲರಿಯ ಹಿಂದೆ ಬಸ್ಸು ನಿಲ್ಲಿಸಿ ಡ್ರೈವರಮ್ಮ ಗೇಟಿನ ಕಂಬಿ ಹಿಡಿದು ನಿಂತಳು. ಅಲ್ಲಿಂದ ಈ ಬದಿಯ ಗೋಲೂ, ಮೈದಾನದ ಒಂದು ಮೂಲೆಯೂ, ಎದುರುಗಡೆ ಗಾಜಿನ ಕೋಣೆಯಲ್ಲಿ ಕೂತ ಮಾಲೀಕರೂ ಕಾಣುತ್ತಿದ್ದರು. ಹತ್ತನೇ ನಿಮಿಷಕ್ಕೆ ಕೂಗು ಶುರುವಾಯಿತು. ಬೇರೆ ಬಸ್ಸುಗಳಲ್ಲಿ ಬಂದವರಿಗೂ ಕೂಗಲು ಏನೂ ಇರಲಿಲ್ಲವೇನೋ, ಅವರೂ ಅದನ್ನೇ ಹಿಡಿದುಕೊಂಡರು. ಎಷ್ಟೋ ತಿಂಗಳ ನಂತರ ಉತ್ತರದ ಗ್ಯಾಲರಿ ಗುಡುಗಿತು. ಎದುರಾಳಿಯ ಗೋಲಿನಲ್ಲಿ ನಿಂತಿದ್ದ ಬೀಗ ಕೈಗವಸು ತೆಗೆದು ಮುಖ ಒರೆಸಿಕೊಂಡ.

ಮಾಲೀಕರು ಕುರ್ಚಿಯಿಂದ ಎದ್ದರು. ಈಗ ನಾಟಿತು ಎಂದು ಡ್ರೈವರಮ್ಮ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಅವರು ಗಾಜಿನ ಹತ್ತಿರ ಬಂದು ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಮುಗುಳ್ನಕ್ಕು ಜನರತ್ತ ಕೈ ಬೀಸಿದರು. ಗುರುತಿನ ಚೀಟಿಯವನು ಕೆಳಗಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ತಂಡ ಮೂರು ಗೋಲಿನಿಂದ ಸೋತಿತು.

ಅಂದಿನಷ್ಟು ಅವಮಾನ ಡ್ರೈವರಮ್ಮನಿಗೆ ಹಿಂದೆಂದೂ ಆಗಿರಲಿಲ್ಲ. ಅವರು ಸಿಟ್ಟಾಗಿದ್ದರೆ, ಪೊಲೀಸರನ್ನು ಕರೆಸಿದ್ದರೆ, ನಮ್ಮ ಮಾತು ಅವರ ಕಿವಿಗೆ ಬಿತ್ತು ಎಂಬ ಸಮಾಧಾನವಾದರೂ ಇರುತ್ತಿತ್ತು. ಊರಿನ ಮಕ್ಕಳಿಗೆಲ್ಲ ಗೊತ್ತಿದ್ದ ಒಂದು ಅಡ್ಡಹೆಸರು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಮರುದಿನ ಅಂಗಡಿಗೆ ಹೋದಾಗ ಅಣ್ಣ ಕತ್ತರಿ ನಿಲ್ಲಿಸಲಿಲ್ಲ.

"ಟಿವಿಲಿ ಗೇಟ್ ಹತ್ರ ಒಂದು ಬಸ್ ನಿಂತಿತ್ತು. ಯಾರ್ದು?"

"ನಂದೇ."

"ನೀನೇ ಹತ್ತಿಸ್ಕೊಂಡು ಹೋದ್ಯಾ?"

"ಡ್ಯೂಟಿ ಅಣ್ಣ. ಬಾಡಿಗೆ ಯಾರು ತಗೊಂಡಿದ್ದಾರೆ ಅಂತ ನಂಗೇನು ಗೊತ್ತಿತ್ತು?"

"ಗೊತ್ತಾದ್ಮೇಲೆ?"

ಹನ್ನೊಂದು ದಿನ ಅಣ್ಣ ಮಾತು ಬಿಟ್ಟ. ಅತ್ತಿಗೆಯೇ ಎರಡು ಮನೆಯ ನಡುವೆ ಟಪಾಲಿನವಳಾದಳು. ಹನ್ನೆರಡನೇ ದಿನ ಗಿರಾಕಿಯೊಬ್ಬ ತಂದ ವಿಡಿಯೋದಲ್ಲಿ ಮಾಲೀಕರು ತಾಳ ಹಾಕುವುದನ್ನು ಅಣ್ಣ ನೋಡಿದ. ಕೂಗು ಕಲಿಸಿದವರು ಯಾರೆಂದು ಅತ್ತಿಗೆ ಅವನಿಗೆ ಹೇಳಿದಳು. ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಆಮೇಲೆ ತಂಗಿಗೆ ಫೋನು ಮಾಡಿದ. ಅಷ್ಟರಲ್ಲಿ ನಗು ಆರಿತ್ತು.

"ಇದಕ್ಕೇ ಕಣೆ ನಂಗೆ ಹೊಟ್ಟೆ ಉರಿಯೋದು," ಎಂದ. "ಬೈದ್ರೆ ಬೈದ್ರು ಅಂತ ತಿಳಿಯೋವಷ್ಟಾದ್ರೂ ನಮ್ಮನ್ನ ಅರ್ಥ ಮಾಡ್ಕೊಂಡಿಲ್ವಲ್ಲ."

ವಿಡಿಯೋ ಊರೆಲ್ಲ ಸುತ್ತಿ ಕೊನೆಗೆ ಕಂಪನಿಗೂ ಮುಟ್ಟಿತು. ಯಾರೋ ಅವರಿಗೆ ಅರ್ಥ ಬಿಡಿಸಿ ಹೇಳಿರಬೇಕು. ಮರ್ಯಾದೆ ಉಳಿಸಿಕೊಳ್ಳಲು, ಕ್ಲಬ್ಬಿನ ಸಭೆಯಲ್ಲಿ ಅಭಿಮಾನಿಗಳ ಪರವಾಗಿ ಒಬ್ಬರು ಕೂರಬಹುದು, ಆದರೆ ಮತ ಹಾಕುವ ಹಾಗಿಲ್ಲ ಎಂದು ಪ್ರಕಟಿಸಿದರು. ಸಂಘದವರು ಅಣ್ಣನ ಮುಖ ನೋಡಿದರು, ಅಣ್ಣ ತಂಗಿಯ ಮುಖ ನೋಡಿದ.

"ನೀನೇ ಹೋಗು. ಟ್ರಾಫಿಕ್ಕಲ್ಲಿ ಕೂತು ಕೂತು ನಿಂಗೆ ತಾಳ್ಮೆ ಬಂದಿದೆ. ನಂಗೆ ಕೈಲಿ ಕತ್ತರಿ ಹಿಡಿದು ಅಭ್ಯಾಸ, ಅವ್ರ ಎದುರು ಕೂರೋದು ಒಳ್ಳೇದಲ್ಲ."

ಒಂದೂವರೆ ವರ್ಷ ಡ್ರೈವರಮ್ಮ ತಿಂಗಳಿಗೊಮ್ಮೆ ಪಾಳಿ ಮುಗಿಸಿ, ಖಾಕಿಯಲ್ಲೇ, ಒಂಬತ್ತನೇ ಮಹಡಿಯ ಆ ತಣ್ಣನೆಯ ಕೋಣೆಗೆ ಹೋದಳು. ಗೋಡೆಯ ಪರದೆಯ ಮೇಲೆ ಬಾಣದ ಗುರುತುಗಳು ಸದಾ ಮೇಲಕ್ಕೇ ಏರುತ್ತಿದ್ದವು, ತಂಡ ಮಾತ್ರ ಕೆಳಗಿಳಿಯುತ್ತಿತ್ತು. ಬೀಗನನ್ನು ವಾಪಸ್ ಕರೆಸಿ ಎಂದಳು. ನೋಟ್ ಮಾಡಿಕೊಂಡಿದ್ದೇವೆ ಎಂದರು. ಹಸಿರು ಅಂಗಿ ಎಂದಳು. ನೋಟ್ ಮಾಡಿಕೊಂಡರು. ಸೋಮವಾರ ಮಧ್ಯಾಹ್ನ ನಾನು ಬಸ್ಸನ್ನು ಯಾರ ಕೈಗೆ ಕೊಟ್ಟು ಬರಲಿ ಎಂದಳು. ಅದನ್ನೂ ನೋಟ್ ಮಾಡಿಕೊಂಡರು. ಆ ನಡುವೆ ತಂಡ ಕೆಳಗಿನ ಡಿವಿಷನ್ನಿಗೆ ಬಿತ್ತು.

ಒಂದು ಸಲ ಬೇಸತ್ತು, ಉತ್ತರದ ಗ್ಯಾಲರಿಯ ಹೆಂಗಸರ ಶೌಚಾಲಯಕ್ಕೆ ನೀರಿಲ್ಲ, ಅದನ್ನಾದರೂ ಮಾಡಿಕೊಡಿ ಎಂದಳು. ಮೇಜಿನ ಸುತ್ತ ಎಲ್ಲರೂ ತಲೆಯಾಡಿಸಿದರು. ಮುಂದಿನ ತಿಂಗಳೇ ಕೆಲಸದವರು ಬಂದರು.

"ಒಂದೂವರೆ ವರ್ಷಕ್ಕೆ ಒಂದು ನಲ್ಲಿ," ಎಂದ ಅಣ್ಣ.

"ಎರಡು. ಒಂದು ಎಡಗಡೆ, ಒಂದು ಬಲಗಡೆ."

ಹೊಸ ಸೀಸನ್ನಿನ ಮೊದಲ ಪಂದ್ಯದ ವಿರಾಮದಲ್ಲಿ ಅವಳು ಅಲ್ಲಿ ಕೈ ತೊಳೆದಳು. ನೀರು ಚೆನ್ನಾಗಿ ಬರುತ್ತಿತ್ತು. ನಲ್ಲಿಯ ಮೇಲಿನ ಗೋಡೆಗೆ ಹೊಳೆಯುವ ನೇರಳೆ ಫಲಕ ಹಾಕಿದ್ದರು: ಅಭಿಮಾನಿಗಳಿಗೆ ಮಾಲೀಕರ ಪ್ರೀತಿಯ ಕೊಡುಗೆ. ಪಕ್ಕದಲ್ಲಿ ಕೈ ತೊಳೆಯುತ್ತಿದ್ದ ಅಪರಿಚಿತ ಹೆಂಗಸು ಅದನ್ನು ಓದಿ, "ಸದ್ಯ, ಇಷ್ಟಾದ್ರೂ ಮಾಡಿದ್ರಲ್ಲ ಪುಣ್ಯಾತ್ಮರು," ಎಂದಳು.

ಡ್ರೈವರಮ್ಮ ನಲ್ಲಿ ನಿಲ್ಲಿಸಿದಳು. ಹೊರಗೆ ರೆಫರಿಯ ಸೀಟಿ ಕೇಳಿಸಿತು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ತಂಡ ಆಗಲೇ ಎರಡು ಗೋಲಿನಿಂದ ಹಿಂದಿದೆ ಎಂಬುದನ್ನು ನೆನೆದು, ಮೆಟ್ಟಿಲು ಹತ್ತತೊಡಗಿದಳು.